ಕೀಲೇಟ್ ಕಾರಕಗಳು

ಕೀಲೇಟ್ ಕಾರಕ ಎಂದರೆ ಒಂದೇ ಲೋಹದ ಅಯಾನನ್ನು ಎರಡು ಅಥವಾ ಅದಕ್ಕಿಂತ ಹೆಚ್ಚು ಕಡೆಗಳಿಂದ ಏಕಕಾಲಕ್ಕೆ ಹಿಡಿದು, ಅದರೊಡನೆ ಉಂಗುರದಂತಹ ರಚನೆಯನ್ನು ಉಂಟುಮಾಡುವ ಅಣು ಅಥವಾ ಅಯಾನು. ಹೀಗೆ ಉಂಟಾದ ಸಂಯುಕ್ತವನ್ನು ಕೀಲೇಟ್ ಎಂದೂ, ಈ ಕ್ರಿಯೆಯನ್ನು ಕೀಲೇಶನ್ ಎಂದೂ ಕರೆಯುತ್ತಾರೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಮತ್ತು ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ನಿಸರ್ಗದಲ್ಲಿರುವ ಕೀಲೇಟ್‌ಗಳು. ಪ್ರಯೋಗಾಲಯದಲ್ಲಿ ನೀರಿನ ಗಡಸುತನವನ್ನು ಅಳೆಯುವ ಇಡಿಟಿಎ, ಥಲಸ್ಸೀಮಿಯಾ ರೋಗಿಗಳ ದೇಹದಿಂದ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ಔಷಧಗಳು, ಗೊಬ್ಬರದಂಗಡಿಯಲ್ಲಿ ‘ಚಿಲೇಟೆಡ್ ಜಿಂಕ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಡಿ, ಇವೆಲ್ಲವೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ಪದದ ಮೂಲ

‘ಕೀಲೇಟ್’ ಎಂಬ ಪದವನ್ನು 1920ರಲ್ಲಿ ಬ್ರಿಟನ್ನಿನ ರಸಾಯನ ವಿಜ್ಞಾನಿಗಳಾದ ಗಿಲ್ಬರ್ಟ್ ಮಾರ್ಗನ್ ಮತ್ತು ಎಚ್. ಡಿ. ಕೆ. ಡ್ರೂ ಮೊದಲು ಬಳಸಿದರು. ಗ್ರೀಕ್ ಭಾಷೆಯಲ್ಲಿ ‘ಕೀಲೀ’ ಎಂದರೆ ಏಡಿಯ ಕೊಂಡಿ. ಏಡಿಯು ತನ್ನ ಕೊಂಡಿಯ ಎರಡು ತುದಿಗಳ ನಡುವೆ ಬೇಟೆಯನ್ನು ಹಿಡಿಯುವಂತೆ ಈ ಅಣುಗಳು ಲೋಹವನ್ನು ಹಿಡಿಯುತ್ತವೆ ಎಂಬುದು ಹೋಲಿಕೆ. ಕನ್ನಡದ ‘ಕೀಲು’ ಪದಕ್ಕೂ ಇದಕ್ಕೂ ಸಂಬಂಧವಿಲ್ಲ, ಧ್ವನಿಸಾಮ್ಯ ಆಕಸ್ಮಿಕ. ಕೃಷಿ ಮತ್ತು ಔಷಧ ವ್ಯಾಪಾರದ ವಲಯದಲ್ಲಿ ‘ಚಿಲೇಟ್’, ‘ಚೆಲೇಟ್’ ಎಂಬ ಉಚ್ಚಾರಣೆಗಳೂ ರೂಢಿಯಲ್ಲಿವೆ.

ಬಂಧ ಉಂಟಾಗುವ ಬಗೆ

ಲೋಹದ ಅಯಾನು ಧನ ವಿದ್ಯುದಂಶವುಳ್ಳದ್ದು. ಅದರಲ್ಲಿ ಎಲೆಕ್ಟ್ರಾನುಗಳಿಗೆ ಖಾಲಿ ಸ್ಥಾನಗಳಿರುತ್ತವೆ. ನೈಟ್ರೊಜನ್, ಆಮ್ಲಜನಕ, ಗಂಧಕ ಮುಂತಾದ ಪರಮಾಣುಗಳಲ್ಲಿ ಯಾವ ಬಂಧದಲ್ಲಿಯೂ ತೊಡಗದೆ ಉಳಿದ ಎಲೆಕ್ಟ್ರಾನ್ ಜೋಡಿಗಳಿರುತ್ತವೆ. ಇಂತಹ ಪರಮಾಣುವು ತನ್ನ ಜೋಡಿಯನ್ನು ಲೋಹದ ಖಾಲಿ ಸ್ಥಾನಕ್ಕೆ ನೀಡಿದಾಗ ಸಮನ್ವಯ ಬಂಧ ಏರ್ಪಡುತ್ತದೆ. ಜೋಡಿಯನ್ನು ನೀಡುವ ಪರಮಾಣುವನ್ನು ದಾನಿ ಪರಮಾಣು ಎಂದೂ, ಅದನ್ನು ಹೊತ್ತ ಅಣುವನ್ನು ಲಿಗ್ಯಾಂಡ್ ಎಂದೂ ಕರೆಯುತ್ತಾರೆ. ಒಂದು ಲೋಹದ ಸುತ್ತ ಇಂತಿಷ್ಟು ದಾನಿಗಳು ನಿರ್ದಿಷ್ಟ ಜ್ಯಾಮಿತಿಯಲ್ಲಿ ಕೂಡುತ್ತವೆ ಎಂಬ ವಿಚಾರವನ್ನು 1893ರಲ್ಲಿ ಮಂಡಿಸಿದವರು ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಆಲ್ಫ್ರೆಡ್ ವರ್ನರ್. ಇವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಅಮೋನಿಯಾದಲ್ಲಿ ಇರುವುದು ಒಂದೇ ದಾನಿ ಪರಮಾಣು. ಅದು ಲೋಹವನ್ನು ಒಂದೇ ಕಡೆಯಿಂದ ಹಿಡಿಯುತ್ತದೆ. ಆದುದರಿಂದ ಅದನ್ನು ಏಕದಂತೀಯ ಲಿಗ್ಯಾಂಡ್ ಎನ್ನುತ್ತಾರೆ. ಎರಡು ಇಂಗಾಲಗಳ ಸರಪಣಿಯ ಎರಡೂ ತುದಿಗಳಲ್ಲಿ ಅಮೈನು ಗುಂಪುಗಳಿರುವ ಎಥಿಲೀನ್‌ಡೈಅಮೀನ್ ದ್ವಿದಂತೀಯ. ಇದರ ಎರಡು ನೈಟ್ರೊಜನ್‌ಗಳು ಒಂದೇ ನಿಕ್ಕಲ್ ಅಯಾನನ್ನು ಹಿಡಿದಾಗ ಲೋಹ, ಎರಡು ನೈಟ್ರೊಜನ್ ಮತ್ತು ಎರಡು ಇಂಗಾಲ ಸೇರಿ ಐದು ಪರಮಾಣುಗಳ ಉಂಗುರವಾಗುತ್ತದೆ. ಈ ಉಂಗುರವೇ ಕೀಲೇಟ್‌ನ ಗುರುತು. ಒಂದು ಅಣುವಿನಲ್ಲಿ ಹಲವು ದಾನಿಗಳಿದ್ದ ಮಾತ್ರಕ್ಕೆ ಅದು ಕೀಲೇಟ್ ಕಾರಕವಾಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆ ದಾನಿಗಳು ಅದೇ ಲೋಹದತ್ತ ಬಾಗಿ ತಲುಪುವಷ್ಟು ಅಂತರದಲ್ಲಿ ಇರಬೇಕು. ಐದು ಮತ್ತು ಆರು ಪರಮಾಣುಗಳ ಉಂಗುರಗಳು ಸಾಮಾನ್ಯವಾಗಿ ಸ್ಥಿರ. ನಾಲ್ಕರ ಉಂಗುರದಲ್ಲಿ ಬಿಗಿತ ಹೆಚ್ಚು. ಏಳಕ್ಕಿಂತ ದೊಡ್ಡ ಉಂಗುರಗಳಲ್ಲಿ ಎರಡನೆಯ ತುದಿ ಲೋಹವನ್ನು ಹುಡುಕಿ ಬರುವ ಸಂಭವವೇ ಕಡಿಮೆಯಾಗುತ್ತದೆ.

ಕೀಲೇಟ್ ಪರಿಣಾಮ

ಅಮೋನಿಯಾದಲ್ಲಿಯೂ ಎಥಿಲೀನ್‌ಡೈಅಮೀನ್‌ನಲ್ಲಿಯೂ ಲೋಹವನ್ನು ಹಿಡಿಯುವುದು ನೈಟ್ರೊಜನ್ನೇ. ಬಂಧಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಆದರೂ ಆರು ಅಮೋನಿಯಾಗಳು ಕೂಡಿದ ನಿಕ್ಕಲ್ ಸಂಕೀರ್ಣದ ಸ್ಥಿರತಾ ಸ್ಥಿರಾಂಕದ ಲಘುಗಣಕ ಸುಮಾರು 8.6 ಇದ್ದರೆ, ಮೂರು ಎಥಿಲೀನ್‌ಡೈಅಮೀನ್‌ಗಳು ಕೂಡಿದ ಸಂಕೀರ್ಣದ್ದು ಸುಮಾರು 18.3. ಲಘುಗಣಕದಲ್ಲಿ ಒಂದರ ವ್ಯತ್ಯಾಸವೆಂದರೆ ಹತ್ತು ಪಟ್ಟು ಎಂಬುದನ್ನು ನೆನೆದರೆ ಈ ಅಂತರದ ಅಗಾಧತೆ ತಿಳಿಯುತ್ತದೆ. ದಾನಿ ಪರಮಾಣುಗಳು ಒಂದೇ ಆಗಿದ್ದರೂ ಅವು ಒಂದೇ ಅಣುವಿನಲ್ಲಿ ಪೋಣಿಸಲ್ಪಟ್ಟಾಗ ಹಿಡಿತ ಹೀಗೆ ಬಲಗೊಳ್ಳುವುದಕ್ಕೆ ಕೀಲೇಟ್ ಪರಿಣಾಮ ಎಂದು ಹೆಸರು. ಜ್ಯೂರಿಕ್‌ನ ಗೆರೋಲ್ಡ್ ಶ್ವಾರ್ಟ್ಸೆನ್‌ಬಾಖ್ 1952ರಲ್ಲಿ ಈ ಹೆಸರನ್ನು ಬಳಕೆಗೆ ತಂದರು.

ಇದರ ಕಾರಣವನ್ನು ಬಂಧದ ಬಲದಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಕ್ಯಾಡ್ಮಿಯಮ್ ಅಯಾನಿಗೆ ನಾಲ್ಕು ಮೀಥೈಲ್‌ಅಮೀನ್ ಅಣುಗಳು ಕೂಡಿದಾಗ ಮೋಲ್ ಒಂದಕ್ಕೆ 57.3 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ. ಎರಡು ಎಥಿಲೀನ್‌ಡೈಅಮೀನ್ ಅಣುಗಳು ಕೂಡಿದಾಗ 56.5 ಕಿಲೋಜೂಲ್. ಎರಡರಲ್ಲಿಯೂ ನಾಲ್ಕು ನೈಟ್ರೊಜನ್‌ಗಳೇ ಲೋಹವನ್ನು ಸುತ್ತುವರಿದಿವೆ, ಶಾಖವೂ ಬಹುಮಟ್ಟಿಗೆ ಸಮ. ಆದರೆ ಎಂಟ್ರೊಪಿಯ ಬದಲಾವಣೆ ಮೊದಲನೆಯದರಲ್ಲಿ ಋಣ 67.3, ಎರಡನೆಯದರಲ್ಲಿ ಧನ 14.1 ಜೂಲ್. ವ್ಯತ್ಯಾಸವೆಲ್ಲವೂ ಇಲ್ಲಿಯೇ ಅಡಗಿದೆ.

ನೀರಿನಲ್ಲಿ ಕರಗಿದ ಲೋಹದ ಅಯಾನು ಬರಿದಾಗಿ ಇರುವುದಿಲ್ಲ. ನಿಕ್ಕಲ್ ಅಯಾನಿನ ಸುತ್ತ ಆರು ನೀರಿನ ಅಣುಗಳು ಮೊದಲೇ ಸ್ಥಾನ ಹಿಡಿದಿರುತ್ತವೆ. ಆರು ಅಮೋನಿಯಾ ಅಣುಗಳು ಬಂದು ಆರು ನೀರಿನ ಅಣುಗಳನ್ನು ಹೊರಗಟ್ಟಿದರೆ ದ್ರಾವಣದಲ್ಲಿ ಸ್ವತಂತ್ರವಾಗಿ ಓಡಾಡುವ ಕಣಗಳ ಸಂಖ್ಯೆ ಬದಲಾಗದು: ಮೊದಲೂ ಏಳು, ಆಮೇಲೂ ಏಳು. ಅದೇ ಕೆಲಸವನ್ನು ಮೂರು ಎಥಿಲೀನ್‌ಡೈಅಮೀನ್‌ಗಳು ಮಾಡಿದಾಗ ನಾಲ್ಕು ಕಣಗಳಿದ್ದಲ್ಲಿ ಏಳು ಆಗುತ್ತವೆ. ಮೂರು ಹೆಚ್ಚುವರಿ ಕಣಗಳು ಸ್ವತಂತ್ರವಾದುದರಿಂದ ಅವ್ಯವಸ್ಥೆ, ಅಂದರೆ ಎಂಟ್ರೊಪಿ, ಹೆಚ್ಚುತ್ತದೆ. ಇದನ್ನೇ ಇನ್ನೊಂದು ರೀತಿಯಲ್ಲಿಯೂ ಹೇಳಬಹುದು. ದ್ವಿದಂತೀಯ ಅಣುವಿನ ಒಂದು ತುದಿ ಲೋಹಕ್ಕೆ ಅಂಟಿದ ಮೇಲೆ ಇನ್ನೊಂದು ತುದಿ ದೂರ ಹೋಗಲಾರದು. ಅದು ಲೋಹದ ಬಳಿಯಲ್ಲಿಯೇ ಸುಳಿದಾಡುತ್ತಿರುತ್ತದೆ. ಒಂದು ತುದಿ ಕ್ಷಣಕಾಲ ಕಳಚಿದರೂ ಇನ್ನೊಂದು ಹಿಡಿದಿರುವುದರಿಂದ ಕಳಚಿದ್ದು ಮತ್ತೆ ಕೂಡಿಕೊಳ್ಳುತ್ತದೆ. ಅಮೋನಿಯಾವಾದರೋ ಒಮ್ಮೆ ಕಳಚಿದರೆ ದ್ರಾವಣದಲ್ಲಿ ಎಲ್ಲಿಗೋ ಹೋಗಿಬಿಡುತ್ತದೆ.

ಮೇಲೆ ಹೋಲಿಸಿದ ಎರಡು ಸ್ಥಿರಾಂಕಗಳ ಏಕಮಾನಗಳು ಒಂದೇ ಅಲ್ಲವಾದುದರಿಂದ ‘ಇಷ್ಟು ಕೋಟಿ ಪಟ್ಟು’ ಎಂದು ನೇರವಾಗಿ ಹೇಳುವುದು ಸರಿಯಲ್ಲ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ಈ ಸೂಕ್ಷ್ಮವನ್ನು ಮರೆಯುವುದುಂಟು. ದ್ರಾವಣ ದುರ್ಬಲವಾದಷ್ಟೂ ಕೀಲೇಟ್ ಪರಿಣಾಮದ ಲಾಭ ಹೆಚ್ಚುತ್ತದೆ ಎಂಬುದು ಹೆಚ್ಚು ನಿಖರವಾದ ಮಾತು. ರಕ್ತದಲ್ಲಿ ಅಥವಾ ಮಣ್ಣಿನ ತೇವದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಲೋಹವನ್ನು ಕೀಲೇಟ್ ಕಾರಕಗಳು ಹಿಡಿಯಬಲ್ಲವು ಎಂಬುದಕ್ಕೆ ಇದೇ ಕಾರಣ.

ಯಾವ ಲೋಹ, ಯಾವ ದಾನಿ

ಪ್ರತಿಯೊಂದು ಲೋಹಕ್ಕೂ ತನ್ನದೇ ಒಲವುಗಳಿವೆ. 1963ರಲ್ಲಿ ರಾಲ್ಫ್ ಪಿಯರ್ಸನ್ ಮಂಡಿಸಿದ ವರ್ಗೀಕರಣದಂತೆ ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಮೂರು ಧನ ವಿದ್ಯುದಂಶದ ಕಬ್ಬಿಣ ಇವು ‘ಕಠಿಣ’ ಅಯಾನುಗಳು. ಇವು ಆಮ್ಲಜನಕದ ದಾನಿಗಳನ್ನು ಬಯಸುತ್ತವೆ. ಪಾದರಸ, ಕ್ಯಾಡ್ಮಿಯಮ್ ಮುಂತಾದ ‘ಮೃದು’ ಅಯಾನುಗಳು ಗಂಧಕವನ್ನು ಬಯಸುತ್ತವೆ. ಸೀಸ, ಸತು, ತಾಮ್ರ ಇವುಗಳ ನಡುವಿನವು. ಪಾದರಸದ ವಿಷಕ್ಕೆ ಗಂಧಕವುಳ್ಳ ಔಷಧವನ್ನೂ, ಹೆಚ್ಚುವರಿ ಕಬ್ಬಿಣಕ್ಕೆ ಆಮ್ಲಜನಕದ ದಾನಿಗಳುಳ್ಳ ಔಷಧವನ್ನೂ ಆರಿಸುವುದು ಈ ಕಾರಣದಿಂದಲೇ.

ಲೋಹವನ್ನು ಗುರುತಿಸುವ ಪರೀಕ್ಷೆಗಳಲ್ಲಿಯೂ ಈ ಒಲವು ಉಪಯೋಗಕ್ಕೆ ಬರುತ್ತದೆ. 1905ರಲ್ಲಿ ರಷ್ಯಾದ ಲೆವ್ ಚುಗಾಯೆವ್ ಕಂಡುಹಿಡಿದ ಡೈಮೀಥೈಲ್‌ಗ್ಲೈಆಕ್ಸಿಮ್ ಕಾರಕವು ಅಮೋನಿಯಾ ಬೆರೆತ ದ್ರಾವಣದಲ್ಲಿ ನಿಕ್ಕಲ್‌ನೊಡನೆ ಕೆಂಪು ಗಷ್ಟನ್ನು ಕೊಡುತ್ತದೆ. ಸಕ್ಕರೆಯ ಪರೀಕ್ಷೆಗೆ ಬಳಸುವ ಫೆಹ್ಲಿಂಗ್ ದ್ರಾವಣದಲ್ಲಿ ಕ್ಷಾರವಿದ್ದರೂ ತಾಮ್ರವು ಹೈಡ್ರಾಕ್ಸೈಡ್ ಆಗಿ ತಳ ಸೇರದೆ ಕಡುನೀಲಿಯಾಗಿ ಕರಗಿಯೇ ಉಳಿಯುವುದು ಟಾರ್ಟ್ರೇಟ್ ಅಯಾನು ಅದನ್ನು ಹಿಡಿದುಕೊಂಡಿರುವುದರಿಂದ. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಮ್ಲ ಹೇರಳವಾಗಿದೆ. ಹಿತ್ತಾಳೆಯ ಕೊಡವನ್ನೂ ತಾಮ್ರದ ಚೊಂಬನ್ನೂ ಹುಣಸೆಹಣ್ಣಿನಿಂದ ತಿಕ್ಕಿದಾಗ ಕಿಲುಬು ಹೋಗಿ ಲೋಹ ಹೊಳೆಯುವುದಕ್ಕೆ ಅದರ ಹುಳಿ ಒಂದು ಕಾರಣವಾದರೆ, ಕರಗಿದ ತಾಮ್ರವನ್ನು ಟಾರ್ಟ್ರೇಟ್ ಹಿಡಿದಿಡುವುದು ಇನ್ನೊಂದು ಕಾರಣ.

ಇಡಿಟಿಎ

ಕೀಲೇಟ್ ಕಾರಕಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಎಥಿಲೀನ್‌ಡೈಅಮೀನ್‌ಟೆಟ್ರಾಅಸಿಟಿಕ್ ಆಮ್ಲ, ಸಂಕ್ಷಿಪ್ತವಾಗಿ ಇಡಿಟಿಎ. ಇದನ್ನು ಜರ್ಮನಿಯ ಐ. ಜಿ. ಫಾರ್ಬೆನ್ ಸಂಸ್ಥೆಯಲ್ಲಿದ್ದ ಫರ್ಡಿನಾಂಡ್ ಮ್ಯೂಂಟ್ಸ್ 1935ರಲ್ಲಿ ಎಥಿಲೀನ್‌ಡೈಅಮೀನ್ ಮತ್ತು ಕ್ಲೋರೊಅಸಿಟಿಕ್ ಆಮ್ಲಗಳಿಂದ ತಯಾರಿಸಿದರು. ಬಟ್ಟೆಗೆ ಬಣ್ಣ ಹಾಕುವಾಗ ಗಡಸು ನೀರಿನ ಕ್ಯಾಲ್ಸಿಯಮ್ ತೊಂದರೆ ಕೊಡುತ್ತಿತ್ತು. ಅದನ್ನು ತಡೆಯಲು ಸಿಟ್ರಿಕ್ ಆಮ್ಲಕ್ಕೆ ಬದಲಿಯೊಂದನ್ನು ಹುಡುಕುವುದು ಅವರ ಉದ್ದೇಶವಾಗಿತ್ತು.

ಇಡಿಟಿಎಯಲ್ಲಿ ಎರಡು ಅಮೈನು ನೈಟ್ರೊಜನ್‌ಗಳೂ ನಾಲ್ಕು ಕಾರ್ಬಾಕ್ಸಿಲ್ ಗುಂಪುಗಳೂ ಇವೆ. ಒಟ್ಟು ಆರು ದಾನಿಗಳು. ಆದುದರಿಂದ ಇದು ಷಡ್‌ದಂತೀಯ. ಲೋಹದ ಸುತ್ತಲಿನ ಆರೂ ಸ್ಥಾನಗಳನ್ನು ಒಂದೇ ಅಣು ತುಂಬಿ, ಐದು ಉಂಗುರಗಳನ್ನು ರಚಿಸುತ್ತದೆ. ಲೋಹವು ಅಣುವಿನ ಒಡಲಲ್ಲಿ ಹುದುಗಿದಂತಾಗುತ್ತದೆ. ಲೋಹದ ವಿದ್ಯುದಂಶ ಎಷ್ಟೇ ಇರಲಿ, ಒಂದು ಲೋಹಕ್ಕೆ ಒಂದೇ ಇಡಿಟಿಎ ಎಂಬ ಸರಳ ಅನುಪಾತವಿರುವುದು ಇದರ ದೊಡ್ಡ ಅನುಕೂಲ.

ಆದರೆ ಎಲ್ಲ ಲೋಹಗಳ ಮೇಲೂ ಇದರ ಹಿಡಿತ ಒಂದೇ ಅಲ್ಲ. ಸ್ಥಿರತಾ ಸ್ಥಿರಾಂಕದ ಲಘುಗಣಕವು ಮೆಗ್ನೀಸಿಯಮ್‌ಗೆ ಸುಮಾರು 8.7, ಕ್ಯಾಲ್ಸಿಯಮ್‌ಗೆ 10.7, ಸತುವಿಗೆ 16.5, ಸೀಸಕ್ಕೆ 18.0, ತಾಮ್ರಕ್ಕೆ 18.8, ಮೂರು ಧನ ವಿದ್ಯುದಂಶದ ಕಬ್ಬಿಣಕ್ಕೆ 25.1. ಈ ಸಂಖ್ಯೆಗಳು ಮುಂದೆ ವೈದ್ಯಕೀಯ ವಿಭಾಗದಲ್ಲಿ ಜೀವನ್ಮರಣದ ಪ್ರಶ್ನೆಯಾಗಿ ಬರುತ್ತವೆ.

ಪಿಎಚ್‌ನ ಪ್ರಭಾವವೂ ಮುಖ್ಯ. ದಾನಿ ಪರಮಾಣುವಿನ ಎಲೆಕ್ಟ್ರಾನ್ ಜೋಡಿಗೆ ಲೋಹವಷ್ಟೇ ಅಲ್ಲ, ಹೈಡ್ರೊಜನ್ ಅಯಾನೂ ಪೈಪೋಟಿ ನಡೆಸುತ್ತದೆ. ಆಮ್ಲೀಯ ದ್ರಾವಣದಲ್ಲಿ ಇಡಿಟಿಎಯ ದಾನಿಗಳನ್ನು ಹೈಡ್ರೊಜನ್ ಅಯಾನುಗಳೇ ಆಕ್ರಮಿಸಿರುತ್ತವೆ. ಪಿಎಚ್ 10ರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಇಡಿಟಿಎ ಪೂರ್ಣವಾಗಿ ಬಿಡುಗಡೆಗೊಂಡ ರೂಪದಲ್ಲಿದ್ದರೆ, ಪಿಎಚ್ 7ರಲ್ಲಿ ಸಾವಿರಕ್ಕೆ ಒಂದು ಭಾಗವೂ ಹಾಗಿರುವುದಿಲ್ಲ. ಕಬ್ಬಿಣದಂತಹ ಬಲವಾಗಿ ಕೂಡುವ ಲೋಹವನ್ನು ಆಮ್ಲೀಯ ದ್ರಾವಣದಲ್ಲಿಯೂ ಅಳೆಯಬಹುದು. ಮೆಗ್ನೀಸಿಯಮ್‌ಗೆ ಕ್ಷಾರೀಯ ದ್ರಾವಣವೇ ಬೇಕು.

ನೀರಿನ ಗಡಸುತನದ ಮಾಪನ

ಶ್ವಾರ್ಟ್ಸೆನ್‌ಬಾಖ್ ಮತ್ತು ಅವರ ಸಹೋದ್ಯೋಗಿಗಳು 1940ರ ದಶಕದಲ್ಲಿ ರೂಪಿಸಿದ ಅನುಮಾಪನ ವಿಧಾನವು ಇಂದಿಗೂ ಬಳಕೆಯಲ್ಲಿದೆ. ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ಮೊದಲ ವರ್ಷದ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಹಲವು ಪೀಳಿಗೆಯ ವಿದ್ಯಾರ್ಥಿಗಳು ಇದನ್ನು ಮಾಡಿದ್ದಾರೆ. ಬಹುಮಂದಿ ಬಣ್ಣ ಬದಲಾಗುವುದನ್ನು ನೋಡಿರುತ್ತಾರೆ, ಏಕೆ ಬದಲಾಗುತ್ತದೆ ಎಂಬುದನ್ನು ವಿಚಾರಿಸಿರುವುದಿಲ್ಲ.

ನೀರಿನ ಮಾದರಿಗೆ ಅಮೋನಿಯಾ ಮತ್ತು ಅಮೋನಿಯಮ್ ಕ್ಲೋರೈಡ್ ಮಿಶ್ರಣವನ್ನು ಸೇರಿಸಿ ಪಿಎಚ್ ಅನ್ನು 10ರಲ್ಲಿ ನಿಲ್ಲಿಸಲಾಗುತ್ತದೆ. ಬಳಿಕ ಎರಿಯೊಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಹಾಕುತ್ತಾರೆ. ಈ ಸೂಚಕವೂ ಒಂದು ಕೀಲೇಟ್ ಕಾರಕವೇ. ಇದು ಮೆಗ್ನೀಸಿಯಮ್‌ನೊಡನೆ ಕೂಡಿದಾಗ ದ್ರಾಕ್ಷಾರಸದ ಕೆಂಪು, ಬಿಡಿಯಾಗಿದ್ದಾಗ ಈ ಪಿಎಚ್‌ನಲ್ಲಿ ನೀಲಿ. ಬ್ಯೂರೆಟ್ಟಿನಿಂದ ಇಡಿಟಿಎ ಇಳಿದಂತೆ ಅದು ಮೊದಲು ಸ್ವತಂತ್ರವಾಗಿರುವ ಕ್ಯಾಲ್ಸಿಯಮನ್ನು, ಆಮೇಲೆ ಸ್ವತಂತ್ರ ಮೆಗ್ನೀಸಿಯಮನ್ನು ಹಿಡಿಯುತ್ತದೆ. ಕೊನೆಯಲ್ಲಿ ಸೂಚಕದ ಹಿಡಿತದಲ್ಲಿದ್ದ ಅಲ್ಪ ಮೆಗ್ನೀಸಿಯಮನ್ನೂ ಕಸಿದುಕೊಳ್ಳುತ್ತದೆ. ಸೂಚಕ ಬಿಡಿಯಾಗುತ್ತದೆ, ಕೆಂಪು ಹೋಗಿ ನೀಲಿ ಬರುತ್ತದೆ. ಸೂಚಕದ ಹಿಡಿತ ಇಡಿಟಿಎಯದಕ್ಕಿಂತ ತುಸು ದುರ್ಬಲವಾಗಿರುವುದರಿಂದಲೇ ಈ ವಿಧಾನ ಸಾಧ್ಯ.

ಲೆಕ್ಕ ಸುಲಭ. 0.01 ಮೋಲಾರ್ ಇಡಿಟಿಎಯ 1 ಮಿಲಿಲೀಟರ್, 1 ಮಿಲಿಗ್ರಾಂ ಕ್ಯಾಲ್ಸಿಯಮ್ ಕಾರ್ಬೊನೇಟಿಗೆ ಸಮ. 50 ಮಿಲಿಲೀಟರ್ ನೀರಿಗೆ 12.4 ಮಿಲಿಲೀಟರ್ ಬೇಕಾದರೆ ಲೀಟರಿಗೆ 248 ಮಿಲಿಗ್ರಾಂ ಗಡಸುತನ ಇದೆಯೆಂದಾಯಿತು. ಕುಡಿಯುವ ನೀರಿನ ಭಾರತೀಯ ಮಾನಕದ 2012ರ ಆವೃತ್ತಿಯಂತೆ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 600ರವರೆಗೆ ಅನುಮತಿ ಇದೆ. ಪಿಎಚ್ ಅನ್ನು 12ಕ್ಕೂ ಮೇಲಕ್ಕೆ ಏರಿಸಿದರೆ ಮೆಗ್ನೀಸಿಯಮ್ ಹೈಡ್ರಾಕ್ಸೈಡಾಗಿ ಬೇರ್ಪಡುವುದರಿಂದ, ಬೇರೊಂದು ಸೂಚಕವನ್ನು ಬಳಸಿ ಕ್ಯಾಲ್ಸಿಯಮನ್ನು ಮಾತ್ರ ಅಳೆಯಬಹುದು.

ಜೀವಿಗಳಲ್ಲಿ

ಹೀಮ್‌ನಲ್ಲಿ ಪಾರ್ಫಿರಿನ್ ಎಂಬ ಚಕ್ರಾಕಾರದ ಅಣುವಿನ ನಾಲ್ಕು ನೈಟ್ರೊಜನ್‌ಗಳು ಕಬ್ಬಿಣವನ್ನು ಹಿಡಿದಿವೆ. ಹಿಮೋಗ್ಲೋಬಿನ್ ಪ್ರೋಟೀನಿನ ಹಿಸ್ಟಿಡೀನ್ ಐದನೆಯ ಸ್ಥಾನದಲ್ಲಿದ್ದು, ಆರನೆಯ ಸ್ಥಾನಕ್ಕೆ ಆಮ್ಲಜನಕ ಬಂದು ಹೋಗುತ್ತದೆ. ಪತ್ರಹರಿತ್ತಿನಲ್ಲಿ ಇಂತಹುದೇ ಚಕ್ರದ ನಡುವೆ ಮೆಗ್ನೀಸಿಯಮ್ ಇದೆ. ಬಿ12 ಜೀವಸತ್ವದಲ್ಲಿರುವುದು ಕೋಬಾಲ್ಟ್. ಇದರ ರಚನೆಯನ್ನು ಬಿಡಿಸಿದ ಡೊರೊತಿ ಹಾಡ್ಜ್‌ಕಿನ್ ಅವರಿಗೆ 1964ರ ನೊಬೆಲ್ ಪ್ರಶಸ್ತಿ ಸಂದಿತು.

ಕಬ್ಬಿಣವು ಭೂಮಿಯಲ್ಲಿ ಹೇರಳವಾಗಿದ್ದರೂ ಗಾಳಿಯ ಸಂಪರ್ಕದಲ್ಲಿ ತುಕ್ಕಿನಂತಹ ಕರಗದ ರೂಪ ತಾಳುತ್ತದೆ. ಅದನ್ನು ಪಡೆಯಲು ಬ್ಯಾಕ್ಟೀರಿಯಾಗಳು ಸಿಡೆರೊಫೋರ್ ಎಂಬ ಕೀಲೇಟ್ ಕಾರಕಗಳನ್ನು ಹೊರಸೂಸುತ್ತವೆ. ಕರುಳಿನಲ್ಲಿ ವಾಸಿಸುವ ಇ. ಕೋಲಿ ಉತ್ಪಾದಿಸುವ ಎಂಟೆರೊಬ್ಯಾಕ್ಟಿನ್‌ನ ಹಿಡಿತ ಇಡಿಟಿಎಯದಕ್ಕಿಂತ ಬಹುಪಾಲು ಬಲವಾದುದು; ಕಬ್ಬಿಣದೊಂದಿಗೆ ಅದರ ಸ್ಥಿರಾಂಕದ ಲಘುಗಣಕ ಸುಮಾರು 50. ಹುಲ್ಲಿನ ಕುಟುಂಬದ ಸಸ್ಯಗಳೂ ಇದೇ ಉಪಾಯವನ್ನು ಅನುಸರಿಸುತ್ತವೆ. ಬಾರ್ಲಿಯ ಬೇರು ಹೊರಸೂಸುವ ಮ್ಯೂಜಿನಿಕ್ ಆಮ್ಲ ಮಣ್ಣಿನಲ್ಲಿ ಕಬ್ಬಿಣವನ್ನು ಹಿಡಿದು ಬೇರಿಗೆ ಮರಳಿಸುತ್ತದೆ.

ಆಹಾರದಲ್ಲಿ ಕೀಲೇಶನ್ ಯಾವಾಗಲೂ ನಮಗೆ ಅನುಕೂಲಕರವಲ್ಲ. ಧಾನ್ಯ ಮತ್ತು ಬೇಳೆಗಳಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ ಮತ್ತು ಸತುವನ್ನು ಹಿಡಿದು, ಕರುಳು ಅವುಗಳನ್ನು ಹೀರಿಕೊಳ್ಳದಂತೆ ಮಾಡುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದಾಗ, ದೋಸೆ ಇಡ್ಲಿಗಳ ಹಿಟ್ಟು ಹುದುಗಿದಾಗ ಫೈಟೇಸ್ ಕಿಣ್ವವು ಈ ಆಮ್ಲವನ್ನು ಒಂದಷ್ಟು ಒಡೆಯುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ಮಕ್ಕಳಿಗೆ ಕೊಡುವ ರೂಢಿಗೆ ಈ ದೃಷ್ಟಿಯಿಂದ ಒಳ್ಳೆಯ ಆಧಾರವಿದೆ. ಊಟದ ಜೊತೆಗೆ ಚಹಾ ಕುಡಿದರೆ ಅದರ ಪಾಲಿಫಿನಾಲ್‌ಗಳು ಸಸ್ಯಾಹಾರದ ಕಬ್ಬಿಣವನ್ನು ಹಿಡಿದಿಡುತ್ತವೆ; ರಕ್ತಹೀನತೆ ಇರುವವರಿಗೆ ಚಹಾವನ್ನು ಊಟದಿಂದ ದೂರವಿಡುವಂತೆ ಹೇಳುವುದು ಇದಕ್ಕಾಗಿಯೇ.

ವೈದ್ಯಕೀಯ ಬಳಕೆ

ರಕ್ತ ಪರೀಕ್ಷೆಗೆ ಬಳಸುವ ನೇರಳೆ ಮುಚ್ಚಳದ ನಳಿಕೆಯಲ್ಲಿ ಇಡಿಟಿಎಯ ಪೊಟ್ಯಾಸಿಯಮ್ ಲವಣವಿರುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಮ್ ಅಗತ್ಯ. ಅದನ್ನು ಇಡಿಟಿಎ ಹಿಡಿದಿಡುವುದರಿಂದ ರಕ್ತ ದ್ರವವಾಗಿಯೇ ಉಳಿದು ಕಣಗಳ ಎಣಿಕೆ ಸಾಧ್ಯವಾಗುತ್ತದೆ. ಈ ನಳಿಕೆಯ ರಕ್ತ ತಪ್ಪಿ ಬೇರೆ ನಳಿಕೆಗೆ ಸೇರಿದರೆ ವರದಿಯಲ್ಲಿ ಪೊಟ್ಯಾಸಿಯಮ್ ಅತಿ ಹೆಚ್ಚಾಗಿಯೂ ಕ್ಯಾಲ್ಸಿಯಮ್ ಅತಿ ಕಡಿಮೆಯಾಗಿಯೂ ಕಾಣುತ್ತದೆ. ರಕ್ತನಿಧಿಗಳ ಚೀಲದಲ್ಲಿ ಇದೇ ಕೆಲಸವನ್ನು ಸಿಟ್ರೇಟ್ ಮಾಡುತ್ತದೆ.

ಲೋಹವಿಷಕ್ಕೆ ಕೀಲೇಟ್ ಔಷಧವನ್ನು ನೀಡುವ ಪದ್ಧತಿ ಯುದ್ಧದ ಭಯದಿಂದ ಹುಟ್ಟಿತು. ಲೂಯಿಸೈಟ್ ಎಂಬ ಆರ್ಸೆನಿಕ್ ಅನಿಲಕ್ಕೆ ಪ್ರತಿವಿಷವನ್ನು ಹುಡುಕುತ್ತಿದ್ದ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ಅವರ ತಂಡವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೈಮರ್ಕ್ಯಾಪ್ರಾಲನ್ನು ರೂಪಿಸಿತು. ಆರ್ಸೆನಿಕ್ ಕಿಣ್ವಗಳ ಗಂಧಕಕ್ಕೆ ಅಂಟಿಕೊಂಡು ಅವುಗಳನ್ನು ಕೆಡಿಸುತ್ತದೆ. ಎರಡು ಗಂಧಕಗಳು ಅಕ್ಕಪಕ್ಕದಲ್ಲಿರುವ ಈ ಔಷಧ ಅದನ್ನು ಅಲ್ಲಿಂದ ಸೆಳೆದುಕೊಳ್ಳುತ್ತದೆ. ಕಡಲೆಕಾಯಿ ಎಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಚುಚ್ಚಬೇಕಾದ ಇದರ ಸ್ಥಾನವನ್ನು ಹಲವು ಸಂದರ್ಭಗಳಲ್ಲಿ ಬಾಯಿಯ ಮೂಲಕ ಕೊಡಬಹುದಾದ ಸಕ್ಸಿಮರ್ ಪಡೆದುಕೊಂಡಿದೆ. ತಾಮ್ರವು ಯಕೃತ್ತು ಮತ್ತು ಮೆದುಳಿನಲ್ಲಿ ಶೇಖರವಾಗುವ ವಿಲ್ಸನ್ ಕಾಯಿಲೆಗೆ 1956ರಲ್ಲಿ ಜಾನ್ ವಾಲ್ಶ್ ಪೆನಿಸಿಲ್ಲಮೀನ್ ಔಷಧವನ್ನು ಪರಿಚಯಿಸಿದರು. ಅದುವರೆಗೆ ಈ ಕಾಯಿಲೆ ಮಾರಕವಾಗಿತ್ತು.

ಸೀಸದ ವಿಷಕ್ಕೆ ಕೊಡುವ ಔಷಧಗಳಲ್ಲಿ ಇಡಿಟಿಎಯ ಕ್ಯಾಲ್ಸಿಯಮ್ ಡೈಸೋಡಿಯಮ್ ಲವಣ ಒಂದು. ಈ ಲವಣದಲ್ಲಿ ಇಡಿಟಿಎಯ ಕೊಂಡಿಗಳ ನಡುವೆ ಕ್ಯಾಲ್ಸಿಯಮ್ ಮೊದಲೇ ಕುಳಿತಿರುತ್ತದೆ. ಸೀಸದ ಮೇಲಿನ ಹಿಡಿತ ಕ್ಯಾಲ್ಸಿಯಮ್ ಮೇಲಿನದಕ್ಕಿಂತ ಸುಮಾರು ಎರಡು ಕೋಟಿ ಪಟ್ಟು ಹೆಚ್ಚಾದುದರಿಂದ, ರಕ್ತದಲ್ಲಿ ಸೀಸ ಎದುರಾದಾಗ ಇಡಿಟಿಎ ಕ್ಯಾಲ್ಸಿಯಮನ್ನು ಬಿಟ್ಟು ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹೋಗುತ್ತದೆ. ಹೆಸರಿನಲ್ಲಿ ಬಹುಮಟ್ಟಿಗೆ ಇದನ್ನೇ ಹೋಲುವ ಇನ್ನೊಂದು ಲವಣವಿದೆ: ಬರಿಯ ಡೈಸೋಡಿಯಮ್ ಇಡಿಟಿಎ. ಅದರ ಕೊಂಡಿಗಳು ಖಾಲಿ. ಅದನ್ನು ರಕ್ತನಾಳಕ್ಕೆ ಹರಿಸಿದರೆ ಎದುರಿಗೆ ಹೇರಳವಾಗಿ ಸಿಗುವ ಕ್ಯಾಲ್ಸಿಯಮನ್ನೇ ಹಿಡಿಯುತ್ತದೆ. ಹೃದಯದ ಬಡಿತಕ್ಕೆ ರಕ್ತದ ಕ್ಯಾಲ್ಸಿಯಮ್ ಅನಿವಾರ್ಯ. ಅದು ಹಠಾತ್ತನೆ ಕುಸಿದರೆ ಹೃದಯ ಸ್ತಂಭಿಸುತ್ತದೆ.

ಇದು ಬರಿಯ ಊಹೆಯಲ್ಲ. 2003ರಿಂದ 2005ರ ಅವಧಿಯಲ್ಲಿ ಅಮೆರಿಕದ ಟೆಕ್ಸಸ್, ಆರೆಗಾನ್ ಮತ್ತು ಪೆನ್ಸಿಲ್ವೇನಿಯ ರಾಜ್ಯಗಳಲ್ಲಿ ಹೀಗೆ ಮೂವರು ಮೃತಪಟ್ಟುದನ್ನು ಆ ದೇಶದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು 2006ರಲ್ಲಿ ವರದಿ ಮಾಡಿತು. ಅವರಲ್ಲಿ ಇಬ್ಬರು ಮಕ್ಕಳು. ಎರಡು ವರ್ಷದ ಒಂದು ಮಗುವಿಗೆ ರಕ್ತದಲ್ಲಿ ಸೀಸವಿದ್ದುದರಿಂದ ಚಿಕಿತ್ಸೆ ಅಗತ್ಯವಿತ್ತು. ಕೊಟ್ಟ ಲವಣ ಮಾತ್ರ ತಪ್ಪಾಗಿತ್ತು. ಐದು ವರ್ಷದ ಇನ್ನೊಂದು ಮಗುವಿಗೆ ಆಟಿಸಂ ಇತ್ತು. ಕೀಲೇಶನ್‌ನಿಂದ ಆಟಿಸಂ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೂರನೆಯವರು ವಯಸ್ಕ ಮಹಿಳೆ.

‘ದೇಹದ ವಿಷವನ್ನೆಲ್ಲ ತೆಗೆಯುತ್ತೇವೆ’, ‘ಶಸ್ತ್ರಚಿಕಿತ್ಸೆಯಿಲ್ಲದೆ ಹೃದಯದ ಬ್ಲಾಕೇಜ್ ಕರಗಿಸುತ್ತೇವೆ’ ಎಂಬ ಜಾಹೀರಾತುಗಳ ಹಿನ್ನೆಲೆಯಲ್ಲಿ ಈ ವಿಷಯಕ್ಕೆ ಮಹತ್ತ್ವವಿದೆ. ಹೃದಯಾಘಾತವಾದ 1,708 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಇಡಿಟಿಎ ಚಿಕಿತ್ಸೆಯಿಂದ ಅಲ್ಪ ಪ್ರಯೋಜನ ಕಂಡಿತ್ತು. ಮಧುಮೇಹಿಗಳಲ್ಲಿ ಅದು ಹೆಚ್ಚಾಗಿತ್ತು. ಅದನ್ನು ಖಚಿತಪಡಿಸಿಕೊಳ್ಳಲು ಹೃದಯಾಘಾತವಾಗಿದ್ದ ಮಧುಮೇಹಿಗಳ ಮೇಲೆಯೇ ನಡೆಸಿದ ಎರಡನೆಯ ಪ್ರಯೋಗದ ಫಲಿತಾಂಶ 2024ರಲ್ಲಿ ಹೊರಬಂತು. ಹೃದಯದ ತೊಂದರೆಗಳು ಕಡಿಮೆಯಾಗಲಿಲ್ಲ. ದೇಹಕ್ಕೆ ಬೇಕಾದ ಲೋಹ ಯಾವುದು, ಬೇಡದ್ದು ಯಾವುದು ಎಂಬ ವಿವೇಚನೆ ಯಾವ ಕೀಲೇಟ್ ಕಾರಕಕ್ಕೂ ಇಲ್ಲ. ಅದು ಹಿಡಿತದ ಬಲವನ್ನೂ ಲೋಹದ ಲಭ್ಯತೆಯನ್ನೂ ಅನುಸರಿಸುತ್ತದೆ. ಸತು, ತಾಮ್ರಗಳನ್ನೂ ಹೊರಗೊಯ್ಯುತ್ತದೆ. ಸಾವಯವ ಪಾದರಸದ ವಿಷಕ್ಕೆ ಡೈಮರ್ಕ್ಯಾಪ್ರಾಲ್ ಕೊಟ್ಟರೆ ಪಾದರಸ ಮೆದುಳಿಗೆ ಸಾಗುವ ಅಪಾಯವೂ ಇದೆ. ಸೀಸದ ವಿಷದಲ್ಲಿ ಮೊದಲ ಚಿಕಿತ್ಸೆಯೆಂದರೆ ಸೀಸದ ಮೂಲವನ್ನು ಪತ್ತೆಹಚ್ಚಿ ರೋಗಿಯನ್ನು ಅದರಿಂದ ದೂರ ಮಾಡುವುದು, ಔಷಧ ಆಮೇಲಿನದು.

ಥಲಸ್ಸೀಮಿಯಾದಲ್ಲಿ ಮಾತ್ರ ಕೀಲೇಶನ್ ಇಲ್ಲದೆ ಬದುಕಿಲ್ಲ. ಇದರ ತೀವ್ರ ರೂಪವಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಬೇಕಾಗುತ್ತದೆ. ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣವಿರುತ್ತದೆ. ದೇಹ ದಿನಕ್ಕೆ ಕಳೆದುಕೊಳ್ಳುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಹೆಚ್ಚಿನ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ದೇಹದಲ್ಲಿಲ್ಲ. ಉಳಿದ ಕಬ್ಬಿಣ ಯಕೃತ್ತು, ಹೃದಯ, ನಿರ್ನಾಳ ಗ್ರಂಥಿಗಳಲ್ಲಿ ಸೇರಿ ಅವುಗಳನ್ನು ಹಾಳುಮಾಡುತ್ತದೆ. ಜೀವ ಉಳಿಸುವ ರಕ್ತವೇ ಹೃದಯವನ್ನು ಕೆಡಿಸುವ ಸ್ಥಿತಿ ಇದು.

ಇದಕ್ಕೆ ದೊರೆತ ಮೊದಲ ಪರಿಣಾಮಕಾರಿ ಔಷಧ ಡೆಸ್ಫೆರಿಯೊಕ್ಸಮೀನ್. ಸ್ಟ್ರೆಪ್ಟೊಮೈಸೀಸ್ ಪೈಲೋಸಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಸಿಡೆರೊಫೋರಿನಿಂದ ಇದು ಬಂದಿದೆ. ಷಡ್‌ದಂತೀಯವಾದುದರಿಂದ ಒಂದು ಅಣು ಒಂದು ಕಬ್ಬಿಣವನ್ನು ಪೂರ್ಣವಾಗಿ ಸುತ್ತುತ್ತದೆ. ಆದರೆ ಬಾಯಿಯ ಮೂಲಕ ಕೊಟ್ಟರೆ ಫಲವಿಲ್ಲ. ವಾರದಲ್ಲಿ ಐದರಿಂದ ಏಳು ರಾತ್ರಿ, ಪ್ರತಿ ಸಲ 8ರಿಂದ 12 ಗಂಟೆಗಳ ಕಾಲ ಸಣ್ಣ ಪಂಪಿನ ಮೂಲಕ ಚರ್ಮದಡಿಗೆ ಹರಿಸಬೇಕು. ಹದಿಹರೆಯದವರು ಇದರಿಂದ ಬೇಸತ್ತು ಬಿಟ್ಟುಬಿಡುವುದು ಸಾಮಾನ್ಯವಾಗಿತ್ತು, ಬಿಟ್ಟವರ ಆಯುಸ್ಸು ಕುಗ್ಗುತ್ತಿತ್ತು. ಮಾತ್ರೆಯಾಗಿ ನುಂಗಬಹುದಾದ ಡೆಫೆರಿಪ್ರೋನ್‌ಗೆ ಪರವಾನಗಿ ಮೊದಲು ದೊರೆತುದು 1990ರ ದಶಕದ ಮಧ್ಯದಲ್ಲಿ, ಭಾರತದಲ್ಲಿ. ಇದು ದ್ವಿದಂತೀಯ; ಒಂದು ಕಬ್ಬಿಣಕ್ಕೆ ಮೂರು ಅಣುಗಳು ಬೇಕು. ಬಿಳಿ ರಕ್ತಕಣಗಳು ಅಪಾಯಕಾರಿಯಾಗಿ ಕುಸಿಯುವ ಸಾಧ್ಯತೆ ಇರುವುದರಿಂದ ಅವುಗಳ ಎಣಿಕೆಯನ್ನು ಮೇಲಿಂದ ಮೇಲೆ ಮಾಡಿಸಬೇಕು. 2005ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಡೆಫೆರಾಸಿರೋಕ್ಸ್ ತ್ರಿದಂತೀಯ; ಎರಡು ಅಣುಗಳು ಒಂದು ಕಬ್ಬಿಣವನ್ನು ಹಿಡಿಯುತ್ತವೆ. ದಿನಕ್ಕೊಮ್ಮೆ ತೆಗೆದುಕೊಂಡರೆ ಸಾಕು. ಮೂತ್ರಪಿಂಡ ಮತ್ತು ಯಕೃತ್ತಿನ ಮೇಲೆ ನಿಗಾ ಬೇಕು.

ಎಂಆರ್‌ಐ ಚಿತ್ರಣದಲ್ಲಿ ಬಳಸುವ ಗ್ಯಾಡೊಲಿನಿಯಮ್ ಬಿಡಿ ಅಯಾನಾಗಿ ವಿಷಕಾರಿ. ಅದನ್ನು ಡಿಟಿಪಿಎಯಂತಹ ಕಾರಕದಲ್ಲಿ ಬಂಧಿಸಿಯೇ ದೇಹಕ್ಕೆ ಕೊಡುತ್ತಾರೆ. ಮೂತ್ರಪಿಂಡ ಕೆಟ್ಟವರಲ್ಲಿ ಕೀಲೇಟ್ ದೀರ್ಘಕಾಲ ಉಳಿದು ಲೋಹ ಕಳಚಿಕೊಳ್ಳುವುದರಿಂದ ಚರ್ಮ ಮತ್ತು ಅಂಗಗಳು ಗಡುಸಾಗುವ ಕಾಯಿಲೆ ಬರುತ್ತದೆಂಬುದು 2006ರ ಸುಮಾರಿಗೆ ಬೆಳಕಿಗೆ ಬಂತು. ಸರಪಣಿಯಾಕಾರದ ಕಾರಕಗಳಿಗಿಂತ ಡೋಟಾದಂತಹ ಚಕ್ರಾಕಾರದವು ಲೋಹವನ್ನು ಬಹು ನಿಧಾನವಾಗಿ ಬಿಡುತ್ತವೆ. ಈಗ ಅವುಗಳಿಗೇ ಆದ್ಯತೆ.

ಕೃಷಿಯಲ್ಲಿ

ಭಾರತದ ಮಣ್ಣಿನಲ್ಲಿ ಸತುವಿನ ಕೊರತೆ ವ್ಯಾಪಕ. ಸತುವಿನ ಸಲ್ಫೇಟನ್ನು ಸುಣ್ಣಾಂಶವುಳ್ಳ ಮಣ್ಣಿಗೆ ಹಾಕಿದಾಗ ಬಹುಭಾಗ ಕರಗದ ರೂಪಕ್ಕೆ ತಿರುಗುತ್ತದೆ. ಇಡಿಟಿಎಯೊಡನೆ ಕೂಡಿದ ಸತು ಹೆಚ್ಚು ಕಾಲ ಕರಗಿದ ಸ್ಥಿತಿಯಲ್ಲಿದ್ದು ಬೇರಿಗೆ ಎಟಕುತ್ತದೆ. ಭಾರತದ ರಸಗೊಬ್ಬರ ನಿಯಂತ್ರಣ ಆದೇಶದಂತೆ ಇಂತಹ ಗೊಬ್ಬರದಲ್ಲಿ ಕನಿಷ್ಠ ಶೇ. 12 ಸತು ಇರಬೇಕು. ಬೆಲೆ ಹೆಚ್ಚಾದುದರಿಂದ ಎಲೆಗಳ ಮೇಲೆ ಸಿಂಪಡಿಸಲು, ಹನಿ ನೀರಾವರಿಯಲ್ಲಿ ಕೊಡಲು ಇದನ್ನು ಹೆಚ್ಚಾಗಿ ಬಳಸುತ್ತಾರೆ.

ಕಬ್ಬಿಣದ ವಿಷಯದಲ್ಲಿ ಎಚ್ಚರಿಕೆ ಬೇಕು. ಸುಣ್ಣದ ಕಪ್ಪುಮಣ್ಣಿನಲ್ಲಿ ಕಬ್ಬು, ಶೇಂಗಾ ಬೆಳೆಗಳ ಎಳೆಯ ಎಲೆ ಹಳದಿಯಾಗುವುದು ಕಬ್ಬಿಣದ ಕೊರತೆಯ ಲಕ್ಷಣ. ಇಲ್ಲಿ ಇಡಿಟಿಎ ಕಬ್ಬಿಣವನ್ನು ಮಣ್ಣಿಗೆ ಹಾಕಿದರೆ ಹಣ ವ್ಯರ್ಥ. ಪಿಎಚ್ 7ರ ಆಚೆಗೆ ಕಬ್ಬಿಣವು ಹೈಡ್ರಾಕ್ಸೈಡಾಗಿ ಕಳಚಿಕೊಂಡು, ಆ ಸ್ಥಾನಕ್ಕೆ ಮಣ್ಣಿನ ಕ್ಯಾಲ್ಸಿಯಮ್ ಬಂದು ಕೂರುತ್ತದೆ. ಅಂತಹ ಮಣ್ಣಿಗೆ ಇಡಿಡಿಎಚ್‌ಎ ಎಂಬ ಬೇರೊಂದು ಕಾರಕದ ಕಬ್ಬಿಣವೇ ತಕ್ಕುದು. ಅದು ಪಿಎಚ್ 9ರಲ್ಲಿಯೂ ನಿಲ್ಲುತ್ತದೆ. ಮಣ್ಣು ಪರೀಕ್ಷಾ ಕೇಂದ್ರಗಳು ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್‌ಗಳ ಲಭ್ಯತೆಯನ್ನು ಅಳೆಯುವುದೂ ಕೀಲೇಟ್ ಕಾರಕದಿಂದಲೇ. ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ವಿಧಾನದಂತೆ, ಪಿಎಚ್ 7.3ರ ಡಿಟಿಪಿಎ ದ್ರಾವಣದೊಡನೆ ಮಣ್ಣನ್ನು ಕುಲುಕಿ, ಕರಗಿ ಬಂದ ಲೋಹವನ್ನು ಅಳೆಯುತ್ತಾರೆ.

ಪರಿಸರದ ಮೇಲಿನ ಪರಿಣಾಮ

ಬಟ್ಟೆ ಒಗೆಯುವ ಪುಡಿಗಳಲ್ಲಿ ಗಡಸು ನೀರಿನ ಕ್ಯಾಲ್ಸಿಯಮನ್ನು ಹಿಡಿಯಲು ದೀರ್ಘಕಾಲ ಸೋಡಿಯಮ್ ಟ್ರೈಪಾಲಿಫಾಸ್ಫೇಟನ್ನು ಬಳಸಲಾಯಿತು. ಚರಂಡಿಯ ಮೂಲಕ ಕೆರೆ ಸೇರಿದ ಫಾಸ್ಫೇಟ್ ಪಾಚಿ ಮತ್ತು ಜಲಕಳೆಗಳಿಗೆ ಗೊಬ್ಬರವಾಗಿ, ನೀರಿನ ಆಮ್ಲಜನಕ ಬರಿದಾಗಲು ಕಾರಣವಾಗುತ್ತದೆ. ಇಡಿಟಿಎಯ ತೊಂದರೆ ಬೇರೆ ತೆರನಾದುದು. ಅದು ಸುಲಭವಾಗಿ ಕೊಳೆಯುವುದಿಲ್ಲ. ಸಾಮಾನ್ಯ ಕೊಳಚೆ ನೀರಿನ ಸಂಸ್ಕರಣೆಯನ್ನು ದಾಟಿ ನದಿ ಸೇರುತ್ತದೆ, ಕೆಸರಿನಲ್ಲಿ ಹುದುಗಿದ್ದ ಲೋಹಗಳನ್ನು ಮತ್ತೆ ನೀರಿಗೆ ತರುವ ಸಾಧ್ಯತೆಯೂ ಇದೆ. ಜೈವಿಕವಾಗಿ ಕೊಳೆಯಬಲ್ಲ ಎಂಜಿಡಿಎ, ಜಿಎಲ್‌ಡಿಎ ಮತ್ತು ಇಡಿಡಿಎಸ್ ಎಂಬ ಕಾರಕಗಳು ಈಗ ಮಾರ್ಜಕಗಳಲ್ಲಿ ಅದರ ಸ್ಥಾನಕ್ಕೆ ಬರುತ್ತಿವೆ. ಇವುಗಳಲ್ಲಿ ಇಡಿಡಿಎಸ್ ಇಡಿಟಿಎಯಷ್ಟೇ ದಾನಿಗಳನ್ನು ಹೊಂದಿದ್ದು, ಪರಮಾಣುಗಳ ಜೋಡಣೆಯಲ್ಲಿ ಮಾತ್ರ ಭಿನ್ನವಾಗಿದೆ. ಅಮೈಕೊಲಾಟಾಪ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಗಳು ಸತುವಿನ ಕೊರತೆಯಾದಾಗ ಇದನ್ನು ತಾವೇ ತಯಾರಿಸಿಕೊಳ್ಳುತ್ತವೆ.